ಪಹಣಿ ಇಲ್ಲದವರು ಬೇಸಿಗೆ ತಡೆಯುವುದು ಹೇಗೆ? ನಮ್ಮ ಸಂಘದ 42 ಸಾವಿರಕ್ಕೆ ದಾರಿ ಹೇಳಿ

ಕೊನೇಭಾಗದವಳು, ಮಳವಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದ ಊರು ನಮ್ಮದು. ಕನ್ನಂಬಾಡಿ ಕಟ್ಟೆಯಿಂದ (ಕೆ.ಆರ್.ಎಸ್.) ನೀರು ಬಿಟ್ಟರು ಅಂತ ಪೇಪರಿನಲ್ಲಿ ಓದಿ ಎಷ್ಟೋ ದಿನ ಆದಮೇಲೆ ನಮ್ಮ ತೂಬಿಗೆ ನೀರು ಬರುತ್ತದೆ. ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಹಾಗೆ, ಬಿಟ್ಟ ವರ್ಷ ಅದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಮೇಲೆ ನಿಲ್ಲಿಸುವ ದಿನ ಬಂದಿರುತ್ತದೆ. ನಮ್ಮ ಕಾಲೋನಿಯ ಮಹಿಳಾ ಸಂಘದಲ್ಲಿ 18 ಜನ ಇದ್ದೇವೆ. ಲೆಕ್ಕದ ಪುಸ್ತಕ ಬರೆಯುವವಳು ನಾನು. 13 ಜನಕ್ಕೆ ಒಂದು ಗುಂಟೆ ಜಮೀನೂ ಇಲ್ಲ. ಮೂರು ಮನೆಯವರು ಬೇರೆಯವರ ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಲೆಕ್ಕಕ್ಕೆ, ಮಾಡುತ್ತಾರೆ. ನಾಟಿ, ಕಳೆ ಕೀಳುವುದು, ಕುಯ್ಲು, ಕಬ್ಬು ಕಡಿಯುವುದು, ಆಲೆಮನೆ. ಇದರಲ್ಲೇ ಜೀವನ.

2023ರಲ್ಲಿ ಮಳೆ ಕೈಕೊಟ್ಟಿದ್ದು ನಿಮಗೆಲ್ಲ ನೆನಪಿರಬೇಕು. ಆ ವರ್ಷದ ಆಗಸ್ಟ್ ತಿಂಗಳು 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಕಟ್ಟೆ ತುಂಬಲಿಲ್ಲ. ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯಿತು. ನಮ್ಮ ಕಡೆ ಒಟ್ಲು (ಭತ್ತದ ಸಸಿಮಡಿ) ಹಾಕಿದವರು ಅದನ್ನು ದನಕ್ಕೆ ಬಿಟ್ಟರು. ನಾಟಿ ಇಲ್ಲ ಅಂದರೆ ನಮಗೆ ಎರಡು ತಿಂಗಳ ಕೂಲಿ ಇಲ್ಲ. ಆಮೇಲೆ ಕಳೆ ಇಲ್ಲ, ಕುಯ್ಲೂ ಇಲ್ಲ. ಹಾಗಾಗಿ 2024ರ ಬೇಸಿಗೆಯಲ್ಲಿ ಯಾರು ಏನು ಕೆಲಸಕ್ಕೆ ಕರೆದರೂ ಎಲ್ಲರೂ ಹೋಗುತ್ತಿದ್ದರು. ಬೇಡ ಅನ್ನುವ ಸ್ಥಿತಿ ಯಾರಿಗೂ ಇರಲಿಲ್ಲ.

ಆ ಏಪ್ರಿಲ್‌ನಲ್ಲಿ ನಮ್ಮವ್ವ ಆಲೆಮನೆಗೆ ಕಬ್ಬು ಕಡಿಯಲು ಹೋಗಿದ್ದರು. ವಯಸ್ಸು 56. ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಮಾತು ತೊದಲಿತು. ಜೊತೆಯಲ್ಲಿದ್ದವಳನ್ನು, ತೀರಿಹೋದ ತಂಗಿಯ ಹೆಸರಿನಿಂದ ಕರೆದರಂತೆ. ಗಾಳಿ ಸೋಕಿದೆ ಅಂತ ಯಾರೋ ಅಂದರು. ಟ್ರಾಕ್ಟರ್ ನೆರಳಲ್ಲಿ ಕೂರಿಸಿ, ಎಲೆ ಅಡಿಕೆ ಕೊಟ್ಟು, ನನಗೆ ಫೋನ್ ಮಾಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ನಾನು ಹೋಗಿ ಕೈ ಮುಟ್ಟಿದರೆ ಕಾದ ಹಂಚಿನ ಹಾಗಿತ್ತು, ಒಂದು ಹನಿ ಬೆವರಿಲ್ಲ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಉಳಿದರು. ಆದರೆ ಆವತ್ತಿನಿಂದ ಬಿಸಿಲಿಗೆ ಹೋದರೆ ತಲೆ ಸುತ್ತುತ್ತದೆ, ಕೂಲಿ ನಿಂತುಹೋಗಿದೆ. ಆ ದಿನದ್ದು ಅರ್ಧ ಕೂಲಿ ಕೊಟ್ಟರು, ಮಧ್ಯಾಹ್ನಕ್ಕೇ ಬಿದ್ದರಲ್ಲ ಅಂತ.

ಮುಂದಿನ ತಿಂಗಳು ಬರ ಪರಿಹಾರ ಬಂತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಪಹಣಿ ಯಾರ ಹೆಸರಲ್ಲಿದೆಯೋ ಅವರ ಖಾತೆಗೆ. ಅವರಿಗೆ ಕೊಡಬಾರದಿತ್ತು ಅಂತ ನಾನು ಹೇಳುತ್ತಿಲ್ಲ, ಅವರದ್ದೂ ಬೆಳೆ ಹೋಗಿತ್ತು. ಆದರೆ ನಾಟಿ ನಿಂತರೆ ನಾಟಿ ಹಾಕುವವಳ ಬೆಳೆಯೂ ಹೋದಂತೆ ಅಲ್ವಾ? ವಾರಕ್ಕೆ ಮಾಡಿ ಗೊಬ್ಬರಕ್ಕೆ ಸಾಲ ಮಾಡಿದವನಿಗೂ ಏನೂ ಸಿಗಲಿಲ್ಲ. ಬೆಳೆ ವಿಮೆಯೂ ಹಾಗೆ, ಕೈಯಲ್ಲಿ ಪಹಣಿಯದ್ದೋ ಗೇಣಿ ಕರಾರಿನದ್ದೋ ಕಾಗದ ಇರಬೇಕು.

2025ರಲ್ಲಿ ನೋಡಿದರೆ ಜೂನ್ ತಿಂಗಳಲ್ಲೇ ಕಟ್ಟೆ 124.80 ಅಡಿ ತುಂಬಿತು. ಅಣೆಕಟ್ಟು ಕಟ್ಟಿದ ಮೇಲೆ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು. ಖುಷಿಯಾಯಿತು ನಿಜ. ಆದರೆ ಒಂದು ವರ್ಷ ಒಣಗಿಸಿ, ಇನ್ನೊಂದು ವರ್ಷ ಹೊತ್ತಿಗೆ ಮುಂಚೆ ಸುರಿಯುವ ಮಳೆಯನ್ನು ನಂಬಿಕೊಂಡು ದಿನಗೂಲಿಯವರು ಬದುಕುವುದು ಹೇಗೆ ಅಂತ ನನಗೆ ನಿದ್ದೆ ಬರುವುದಿಲ್ಲ.

ಸಂಘದಲ್ಲಿ ಸಾಲಕ್ಕೆ ಬಿಡದೆ ಎತ್ತಿಟ್ಟ 42 ಸಾವಿರ ಇದೆ. ಅದನ್ನು ಈ ಬೇಸಿಗೆಗೆ ಮುಂಚೆ ಏನಾದರೂ ಮಾಡೋಣ ಅಂತ ಒಪ್ಪಿಸಿದ್ದೇನೆ. ಏನು ಅಂತ ಮಾತ್ರ ಗೊತ್ತಾಗುತ್ತಿಲ್ಲ. ಪಹಣಿ ಕೇಳಬಾರದು, ಯುಗಾದಿಯೊಳಗೆ ಆಗಬೇಕು, ಕೆಟ್ಟರೆ ನಾವೇ ರಿಪೇರಿ ಮಾಡಿಕೊಳ್ಳುವ ಹಾಗಿರಬೇಕು. ತಿಳಿದವರು ಹೇಳಿ.

ನಿವೃತ್ತ ಸಿಸ್ಟರ್, ಮೈಸೂರು

ತಂಗಿ, ನಿಮ್ಮವ್ವನಿಗೆ ಆಗಿದ್ದು ಬಿಸಿಲಾಘಾತ. ಬಿಸಿಲಲ್ಲಿ ದುಡಿಯುವವರು ಅಸಂಬದ್ಧ ಮಾತಾಡಿದರು ಅಂದರೆ ಅದೇ ಮೊದಲ ಗುರುತು. ಮೈ ಬಿಸಿ 40 ಡಿಗ್ರಿ ದಾಟಿ ಮಿದುಳಿಗೆ ಏಟು ಬೀಳುತ್ತಿದೆ ಅಂತ ಅರ್ಥ. ಕೆಲವರಿಗೆ ಬೆವರು ನಿಂತಿರುತ್ತದೆ, ಕೆಲವರಿಗೆ ಇನ್ನೂ ಸುರಿಯುತ್ತಿರುತ್ತದೆ. ಅದನ್ನು ನೋಡಿಕೊಂಡು ಕೂರಬಾರದು. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೆ ಸುಮ್ನೆ ಕೂರದೆ ಮೈ ತಣ್ಣಗೆ ಮಾಡಿ. ಬಿಂದಿಗೆಗಟ್ಟಲೆ ನೀರು ಸುರಿಯಿರಿ, ಸೆರಗಿನಿಂದಲೋ ರಟ್ಟಿನಿಂದಲೋ ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಗದ್ದೆಯ ಪಕ್ಕ ನಾಲೆಯಲ್ಲಿ ಅಂಗೈಯಷ್ಟು ನೀರಿದ್ದರೂ ಸಾಕು, ಅಲ್ಲೇ ಮಲಗಿಸಿ ತಲೆ ಎತ್ತಿ ಹಿಡಿದುಕೊಳ್ಳಿ. ಆ ಮುಕ್ಕಾಲು ಗಂಟೆಯೇ ಪ್ರಾಣ. ಇದನ್ನು 18 ಜನಕ್ಕೂ ಬಾಯಿಪಾಠ ಮಾಡಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇನ್ನೊಂದು ವಿಷಯ. ನಾನು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಗ ಮಂಡ್ಯ ಕಡೆಯ ಕೂಲಿ ಹೆಂಗಸರನ್ನು ತುಂಬಾ ನೋಡಿದ್ದೇನೆ. ಬೇಸಿಗೆಯಲ್ಲಿ ಉರಿಮೂತ್ರ ಅಂತ ಬರುತ್ತಿದ್ದರು. ನೀರು ಯಾಕಮ್ಮ ಕುಡಿಯಲ್ಲ ಅಂದರೆ ತಲೆ ತಗ್ಗಿಸುತ್ತಿದ್ದರು. ಗದ್ದೆ ಬಯಲಿನಲ್ಲಿ ಮರೆ ಎಲ್ಲಿ? ಗಂಡಸರು ಇರುತ್ತಾರೆ, ಅದಕ್ಕೇ ಬೆಳಗ್ಗೆಯಿಂದ ಸಂಜೆವರೆಗೆ ಒಂದು ಲೋಟವೂ ಕುಡಿಯದೆ ದುಡಿಯುತ್ತಾರೆ. ನೀವು ನೀರಿನ ಡ್ರಮ್ ಕೊಂಡರೆ ಸಾಲದು. ನಾಲ್ಕು ಬಿದಿರು ಗಳ, ಎರಡು ಹಳೆ ಸೀರೆ, ಒಂದು ಮರೆ. ಅದು ಇದ್ದರೆ ಮಾತ್ರ ಆ ನೀರು ಹೊಟ್ಟೆಗೆ ಹೋಗುತ್ತದೆ.

ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಎಷ್ಟೋ ಯುವಕರಿಗೆ ಸಕ್ಕರೆ ಕಾಯಿಲೆಯೂ ಇಲ್ಲದೆ, ಬಿಪಿಯೂ ಇಲ್ಲದೆ ಕಿಡ್ನಿ ಹಾಳಾಗುತ್ತಿತ್ತು. ಬಿಸಿಲು, ನೀರಿಲ್ಲದ ದುಡಿಮೆಗೂ ಅದಕ್ಕೂ ನಂಟಿದೆ ಅಂತ ಆಮೇಲೆ ತಿಳಿಯಿತು. ಅಲ್ಲಿ ಈಗ ಗದ್ದೆಗೇ ಎತ್ತಿಕೊಂಡು ಹೋಗುವ ನೆರಳಿನ ಡೇರೆ, ಹೊತ್ತು ಹೊತ್ತಿಗೆ ನೀರು, ಕಡ್ಡಾಯ ವಿಶ್ರಾಂತಿ ಅಂತ ಶುರು ಮಾಡಿದ್ದಾರೆ. ನಮ್ಮದೂ ಅದೇ ಕಬ್ಬು, ಅದೇ ಮಚ್ಚು.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ತಲೆ ಸಮ ಮಾಡಿ. ಉಪ್ಪು ಜಾಸ್ತಿ ಹಾಕಬೇಡಿ. ಮಜ್ಜಿಗೆ, ರಾಗಿ ಅಂಬಲಿ ಕೂಡ ಒಳ್ಳೆಯದು. ಬಿಪಿಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಮತ್ತೆ, ಆಗುವುದಾದರೆ ಕೆಲಸದ ಹೊತ್ತನ್ನೇ ಬದಲಿಸಿ. ಬೆಳಗ್ಗೆ ಆರಕ್ಕೆ ಇಳಿದು ಹನ್ನೊಂದಕ್ಕೆ ಎದ್ದುಬಿಡಿ.

ಕೊನೇಭಾಗದವಳು

ಅಕ್ಕಾ, ನಿಮ್ಮ ಮಾತು ಓದಿ ಅವ್ವನಿಗೆ ಹೇಳಿದೆ. ಮರೆಯ ವಿಷಯ ಕೇಳಿ ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, ಆವತ್ತೂ ನಾನು ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ ಕಣೆ ಅಂದರು. ಎರಡು ವರ್ಷ ಆಗುತ್ತಾ ಬಂತು, ನನಗೆ ಇದು ಗೊತ್ತೇ ಇರಲಿಲ್ಲ.

ಹೊತ್ತು ಬದಲಿಸುವುದು ಮಾತ್ರ ಅಷ್ಟು ಸುಲಭ ಇಲ್ಲ. ಈಗ ಹತ್ತು ಗಂಟೆಗೆ ಇಳಿದು ಐದಕ್ಕೆ ಏಳುತ್ತೇವೆ. ನಮ್ಮ ಕಾಲೋನಿಗೆ ನಲ್ಲಿ ನೀರು ಬರುವುದು ಏಳು ಗಂಟೆಗೆ, ಊರಿಗೆಲ್ಲ ಆದಮೇಲೆ. ಆರಕ್ಕೆ ಹೊರಟರೆ ನೀರು ಹಿಡಿಯುವವರು ಯಾರು? ಮಕ್ಕಳ ಕೈಗೆ ಬುತ್ತಿ ಕೊಡುವವರು ಯಾರು? ಅಂಗನವಾಡಿ ತೆಗೆಯುವುದೂ ಆಮೇಲೆಯೇ. ಹಾಗಾಗಿ ಪಂಚಾಯಿತಿಯ ಹತ್ತಿರ ಎರಡು ಕೇಳಿಕೊಳ್ಳಬೇಕು ಅಂತಿದ್ದೇನೆ. ಮಾರ್ಚ್‌ನಿಂದ ಮೇವರೆಗೆ ಕಾಲೋನಿಗೆ ಮೊದಲು ನೀರು ಬಿಡಲಿ. ಕೂಲಿಯವರ ಮಕ್ಕಳಿಗೆ ಅಂತ ರಾಜ್ಯದಲ್ಲಿ ಸುಮಾರು 4 ಸಾವಿರ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡಿದ್ದಾರಲ್ಲ, ನಮ್ಮಲ್ಲಿರುವುದನ್ನು ಬೇಸಿಗೆಯಲ್ಲಿ ಆರಕ್ಕೇ ತೆಗೆಯಲಿ.

ನೀರಿನ ಡ್ರಮ್ ನಮ್ಮದೇ ಇರಬೇಕು ಅನ್ನುವುದನ್ನಂತೂ ಒಪ್ಪಿಕೊಂಡಿದ್ದೇವೆ. ಬೇರೆಯವರ ಬಿಂದಿಗೆಯಿಂದ ಬೊಗಸೆಗೆ ಹೊಯ್ಯಿಸಿಕೊಂಡು ಕುಡಿಯುವ ಹೆಂಗಸು ಇನ್ನೊಂದು ಸಲ ಕೇಳುವುದಿಲ್ಲ.

ಗದ್ದೆಬಯಲು, ಪಾಂಡವಪುರ

ತಂಗ್ಯಮ್ಮ, ನಾನು ಮೂರು ಎಕರೆ ರೈತ. ನಿಮಗಿಂತ ನಾಲೆಯ ಮೇಲಿರುವವನು, ಅದು ನನಗೆ ಗೊತ್ತಿದೆ. 2023ರಲ್ಲಿ ನಮಗೂ ನೀರು ಸಾಕಾಗಲಿಲ್ಲ. ಆಗ ಒಂದು ಎಕರೆಗೆ ಏರೋಬಿಕ್ ಭತ್ತ ಹಾಕಿದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಂ.ಎ.ಎಸ್. 946-1, ಶಾರದಾ ಅಂತಲೂ ಕರೆಯುತ್ತಾರೆ. ಕೆಸರು ಮಾಡುವುದಿಲ್ಲ, ನೀರು ನಿಲ್ಲಿಸುವುದಿಲ್ಲ, ರಾಗಿ ಹಾಗೆ ಒಣ ಭೂಮಿಗೆ ಬಿತ್ತುವುದು. ನಿಂತ ನೀರಿನ ಭತ್ತಕ್ಕೆ ಹೋಲಿಸಿದರೆ ಸುಮಾರು ಅರ್ಧ ನೀರು ಸಾಕು. ಒಂದು ಕಿಲೋ ಅಕ್ಕಿಗೆ ಮೂರರಿಂದ ಐದು ಸಾವಿರ ಲೀಟರ್ ನೀರು ಕುಡಿಸುತ್ತಿದ್ದೇವೆ ಅಂತ ಕೇಳಿದಾಗ ನನಗೇ ಬೇಜಾರಾಗಿತ್ತು. ನಾವು ಮೇಲಿನವರು ಹೀಗೆ ಉಳಿಸಿದರೆ ಕೆಳಗೆ ನಿಮ್ಮ ತೂಬಿಗೂ ಬರುತ್ತದೆ. ಕೊನೆ ಭಾಗದವರು ಉಳಿಯಬೇಕಾದರೆ ಮೊದಲು ಬೆಳೆ ಪದ್ಧತಿ ಬದಲಾಗಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮಲ್ಲಿ ವಾರಕ್ಕೆ ಮಾಡುವ ಮೂರು ಮನೆಯವರಿಗೆ ಇದನ್ನೇ ಹೇಳಿ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ಗೆ ಹೋಗಿ ಕೇಳಿದರೆ ವಿವರವಾಗಿ ತಿಳಿಸುತ್ತಾರೆ. ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಜಾಗ ಅದು. ಬರಕ್ಕೆ ನಿಲ್ಲುವ ರಾಗಿಯ ಬಗ್ಗೆ ಅಲ್ಲಿ ಇವತ್ತಿಗೂ ಕೆಲಸ ನಡೆಯುತ್ತಿದೆ.

ಕೊನೇಭಾಗದವಳು

ಅಣ್ಣಾ, ನೀವು ಒಳ್ಳೆ ಮನಸ್ಸಿನಿಂದ ಬರೆದಿದ್ದೀರಿ, ಅದಕ್ಕೇ ಬಿಚ್ಚಿ ಹೇಳುತ್ತೇನೆ. ತಪ್ಪು ತಿಳಿಯಬೇಡಿ. ನಿಮ್ಮ ಆ ಒಂದು ಎಕರೆಗೆ ಮೊದಲು ನಾಟಿಗೆ ಎಷ್ಟು ಹೆಣ್ಣಾಳು ಬರುತ್ತಿದ್ದರು? ಹತ್ತೋ ಹನ್ನೆರಡೋ ಇರಬೇಕಲ್ಲ? ಒಣ ಬಿತ್ತನೆ ಅಂದರೆ ಆ ಅಷ್ಟೂ ಜನರ ಆ ದಿನದ ಕೂಲಿ ಹೋಯಿತು. ನೀರು ಉಳಿಯಿತು, ನಿಮ್ಮ ಬೆಳೆ ಉಳಿಯಿತು. ನಾಟಿ ಹಾಡು ಹೇಳಿಕೊಂಡು ಬರುತ್ತಿದ್ದವರ ಮನೆಯಲ್ಲಿ ಒಲೆ ಉರಿಯಲಿಲ್ಲ. ಕಬ್ಬು ಕಡಿಯುವ ಯಂತ್ರವೂ ಬರುತ್ತಿದೆ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳಿ ಅಂತ ಎಲ್ಲ ಸಭೆಯಲ್ಲೂ ಹೇಳುತ್ತಾರೆ. ಜಮೀನಿದ್ದವರು ಹೊಂದಿಕೊಂಡಾಗ ಅದರ ಭಾರ ಕೂಲಿಯವರ ತಲೆ ಮೇಲೆ ಬೀಳುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ.

ನೀವು ಆ ಭತ್ತ ಹಾಕಬೇಡಿ ಅಂತ ನಾನು ಹೇಳಲಾರೆ. ಮೇಲೆ ನೀರು ಉಳಿದರೆ ತಾನೇ ನಮ್ಮ ತೂಬಿಗೆ ಬರುವುದು? ಆದರೆ ನಾಟಿ ಹೋದ ಜಾಗಕ್ಕೆ ನಮಗೆ ಏನು ಕೆಲಸ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ದಯವಿಟ್ಟು ಬರೆಯಿರಿ.

ಗದ್ದೆಬಯಲು, ಪಾಂಡವಪುರ

ತಂಗ್ಯಮ್ಮ, ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನೀವು ಕೇಳಿದ್ದು ನಿಜ, ನಾನು ಆ ದಿಕ್ಕಿನಿಂದ ಯೋಚನೆ ಮಾಡಿರಲಿಲ್ಲ. ನಮ್ಮ ಮನೆಯವಳನ್ನು ಕೇಳಿದೆ. ಹನ್ನೊಂದು ಜನ ಬರುತ್ತಿದ್ದರು ಅಂದಳು. ಹೆಸರು ಹೆಸರು ಹೇಳಿದಳು.

ನನಗೆ ತೋಚಿದ ಎರಡು ದಾರಿ ಬರೆಯುತ್ತೇನೆ. ಒಣ ಬಿತ್ತನೆಯ ಭತ್ತದಲ್ಲಿ ನೀರು ನಿಲ್ಲುವುದಿಲ್ಲವಾದ್ದರಿಂದ ಕಳೆ ವಿಪರೀತ. ಮೊದಲ ನಲವತ್ತು ದಿನ ಕಳೆ ತೆಗೆಯದಿದ್ದರೆ ಬೆಳೆ ಕೈಗೆ ಬರುವುದಿಲ್ಲ. ಬಹಳ ಜನ ಕಳೆನಾಶಕ ಹೊಡೆಯುತ್ತಾರೆ. ಅದರ ಬದಲು ಸೈಕಲ್ ವೀಡರ್ ತಳ್ಳಿಸಿ, ಉಳಿದಿದ್ದನ್ನು ಕೈಯಲ್ಲಿ ಕೀಳಿಸಬಹುದು. ಸಂಘದವರೇ ವೀಡರ್ ಇಟ್ಟುಕೊಂಡು ಎಕರೆಗೆ ಇಷ್ಟು ಅಂತ ಗುತ್ತಿಗೆ ಮಾತಾಡಿದರೆ ಬಿಸಿಲು ಏರುವ ಮೊದಲೇ ಕೆಲಸ ಮುಗಿಸಿ ಹೋಗುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲೇ ಇರುತ್ತದೆ. ದಿನಗೂಲಿಯಲ್ಲಿ ಅದು ಸಿಗುವುದಿಲ್ಲ.

ಇನ್ನೊಂದು ಕಬ್ಬಿನ ಸಸಿ. ಈಗ ಒಂಟಿ ಕಣ್ಣಿನ (ಮೊಳಕೆ ಬರುವ ಗಿಣ್ಣು ಒಂದೇ ಇರುವ) ತುಂಡನ್ನು ಟ್ರೇಗೆ ಹಾಕಿ, ತೆಂಗಿನ ನಾರಿನ ಪುಡಿ ತುಂಬಿ, ನೆರಳು ಪರದೆಯ ಕೆಳಗೆ ಸುಮಾರು ಒಂದು ತಿಂಗಳು ಬೆಳೆಸಿ ರೈತರಿಗೆ ಮಾರುತ್ತಾರೆ. ಬಿತ್ತನೆ ಕಬ್ಬು ಟನ್‌ಗಟ್ಟಲೆ ಉಳಿಯುತ್ತದೆ. ಗದ್ದೆಗೆ ನೀರು ಹಾಯಿಸುವುದು ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಕಣ್ಣು ಕತ್ತರಿಸುವುದು, ಟ್ರೇ ತುಂಬುವುದು, ನೀರು ಚಿಮುಕಿಸುವುದು ಎಲ್ಲ ನೆರಳಲ್ಲಿ ಕೂತು ಮಾಡುವ ಕೆಲಸ. ನಿಮ್ಮವ್ವನಂಥವರೂ ಮಾಡಬಹುದು. ಜಾಗ ಐದಾರು ಗುಂಟೆ ಸಾಕು. ನಮ್ಮೂರಿನ ನಾಲ್ಕು ಜನ ರೈತರನ್ನು ಕೇಳಿದ್ದೇನೆ, ಮುಂದಿನ ಹಂಗಾಮಿಗೆ ಸಸಿ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಳ್ಳುತ್ತೇನೆ.

ಶೀಟುಮನೆ, ಕೇಸರೆ

ಅಕ್ಕಾ, ನಾನು ಪೇಂಟಿಂಗ್ ಕೆಲಸದವನು. ಮನೆಯ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೆಯುತ್ತಿದ್ದೇನೆ. ಹಗಲೆಲ್ಲ ಬಿಸಿಲಲ್ಲಿ ದುಡಿದು ರಾತ್ರಿ ಶೀಟಿನ ಮನೆಯಲ್ಲಿ ಬೇಯುವುದು ಇನ್ನೂ ಕಷ್ಟ. ಮೈಗೆ ಆರುವುದಕ್ಕೆ ಹೊತ್ತೇ ಸಿಗುವುದಿಲ್ಲ.

ಶೀಟಿನ ಮೇಲೆ ಬಿಳಿ ಹೊಡೆಯಿರಿ. ಬಿಸಿಲು ಒಳಗಿಳಿಯದೆ ವಾಪಸ್ ಹೋಗುತ್ತದೆ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಜನ ಸತ್ತರು. 2013ರಲ್ಲಿ ಆ ಊರಿನವರು ಬಿಸಿಲಿಗೇ ಅಂತ ಒಂದು ಯೋಜನೆ ಮಾಡಿಕೊಂಡರು. ಆಮೇಲೆ ಬಡವರ ಮನೆ ಸೂರಿಗೆ ಬಿಳಿ ಬಳಿಯುವುದೂ ಅದರ ಜೊತೆ ಸೇರಿತು. ನಮ್ಮ ಮನೆಗೆ ನಾನು ಹೊಡೆದು ಎರಡು ಬೇಸಿಗೆ ಆಯಿತು. ಮಧ್ಯಾಹ್ನ ಒಳಗೆ ಮೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಮಗು ಮಲಗುತ್ತದೆ, ಅದೇ ನನಗೆ ದೊಡ್ಡದು.

ಕೆಲಸದ ಮಾತು ಹೇಳುತ್ತೇನೆ. ಸಿಮೆಂಟ್ ಶೀಟಿಗೆ ಸುಣ್ಣಕ್ಕೆ ಅಂಟು ಬೆರೆಸಿ ಮೂರು ಕೈ ಹೊಡೆದರೆ ಒಂದು ಬೇಸಿಗೆ ನಿಲ್ಲುತ್ತದೆ. ತಗಡಿಗೆ ಸುಣ್ಣ ನಿಲ್ಲಲ್ಲ, ಮೊದಲ ಮಳೆಗೇ ಎದ್ದು ಬರುತ್ತದೆ. ಅದಕ್ಕೆ ಬಿಸಿಲು ತಡೆಯುವ ಬಿಳಿ ಪೇಂಟೇ ಬೇಕು. ಸಿಮೆಂಟ್ ಶೀಟನ್ನು ಒಣಗಿದ್ದಾಗ ಉಜ್ಜಬೇಡಿ. ಹಳೆ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ವಿಷ. ನೀರು ಹಾಕಿ ನೆನೆಸಿ, ಸಣ್ಣ ಧೂಳೂ ತಡೆಯುವ ಮಾಸ್ಕ್ ಹಾಕಿ (ಬಟ್ಟೆ ಸಾಲದು), ಮೆತ್ತಗೆ ತೊಳೆಯಿರಿ. ಶೀಟಿನ ಮೇಲೆ ನೇರ ಕಾಲಿಡಬೇಡಿ, ಒಡೆದು ಒಳಗೆ ಬೀಳುತ್ತೀರಿ. ಹಲಗೆ ಹಾಕಿ, ಅದೂ ಅಡಿಯಲ್ಲಿ ತೊಲೆ ಇರುವ ಕಡೆ. ದುಡ್ಡು ಸಾಲದ ಮನೆಗೆ ತೆಂಗಿನ ಗರಿ ಹೆಣೆದು ಹೊದಿಸಬಹುದು. ಸೌದೆ ಒಲೆ ಇರುವ ಕಡೆ ಬೇಡ, ಕಿಡಿ ಹಾರಿದರೆ ಉಳಿಯಲ್ಲ.

ಒಂದು ಭಾನುವಾರ ನಾನೇ ಬಂದು ಮೊದಲ ಮನೆ ಹೊಡೆದು ತೋರಿಸುತ್ತೇನೆ. ಬಸ್ ಚಾರ್ಜ್ ಸಾಕು.

ಕುರಿಕಾಯುವವರ ಮನೆ, ಹಲಗೂರು

ಆಡು ಕುರಿ ಇಟ್ಟುಕೊಂಡಿರುವವರನ್ನೂ ಸೇರಿಸಿಕೊಳ್ಳಿ. ಅವರಿಗೂ ಪಹಣಿ ಇರಲ್ಲ. ಬೇಸಿಗೆಯಲ್ಲಿ ಕುರಿಗೆ ನೀರಿಲ್ಲದೆ ಅರ್ಧ ರೇಟಿಗೆ ಮಾರಿಬಿಡುತ್ತಾರೆ. ನಮ್ಮ ತಾಲ್ಲೂಕಿನ ದಾಸನದೊಡ್ಡಿ ಕಾಮೇಗೌಡರು ಕುರಿ ಕಾಯುತ್ತಲೇ ಕುಂದಿನಿ ಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆ ತೋಡಿದರು. ಬೆಟ್ಟದ ಪ್ರಾಣಿ ಪಕ್ಷಿ ಎಲ್ಲಿ ಹೋಗಿ ಕುಡಿಯಬೇಕು ಅನ್ನುವ ಒಂದೇ ಯೋಚನೆ ಅವರದ್ದು. 2022ರಲ್ಲಿ ತೀರಿಕೊಂಡರು. ಆ ಕಟ್ಟೆಗಳ ಹೂಳು ತೆಗೆಯುವುದನ್ನು ಪಂಚಾಯಿತಿ ಕೂಲಿ ಕೆಲಸಕ್ಕೆ ಸೇರಿಸಿ ಅಂತ ನಾವು ಕೇಳುತ್ತಿದ್ದೇವೆ. ನಿಮ್ಮೂರ ಕಟ್ಟೆಗೂ ಕೇಳಿ. ನೀವು ಕೈಯಿಂದ ದುಡ್ಡು ಹಾಕಬೇಡಿ.

ಹಳೇ ಹಗೇವು, ನಾಗಮಂಗಲ

ಮಗಳೇ, ನನಗೆ 71 ವರ್ಷ. ನಮ್ಮದು ನಾಲೆ ಕಾಣದ ಬೆದ್ದಲು ಸೀಮೆ. ಬರ ನಮಗೆ ಹೊಸದಲ್ಲ, ಆದರೆ ಈಗಿನ ಹಾಗೆ ಬೆನ್ನುಬೆನ್ನಿಗೆ ಬರುತ್ತಿರಲಿಲ್ಲ. ಆಗ ಹಟ್ಟಿ ಮುಂದೆ ಹಗೇವು ಇರುತ್ತಿತ್ತು. ಹಗೇವು ಅಂದರೆ ಈಗಿನ ಹುಡುಗರಿಗೆ ಗೊತ್ತಿಲ್ಲ. ಗಟ್ಟಿ ನೆಲದಲ್ಲಿ ಕೊಡದಾಕಾರಕ್ಕೆ ತೋಡಿದ ಗುಳಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಒತ್ತಿ ರಾಗಿ ತುಂಬಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿಗೆ ಹುಳು ಹಿಡಿಯಲ್ಲ, ವರ್ಷಗಟ್ಟಲೆ ಇರುತ್ತದೆ. ಬರ ಬಂದ ವರ್ಷ ಅದರ ಬಾಯಿ ತೆಗೆಯುತ್ತಿದ್ದರು. ತೆಗೆದ ಕೂಡಲೇ ಇಳಿಯಬಾರದು, ಒಳಗೆ ಗಾಳಿ ಕೆಟ್ಟಿರುತ್ತದೆ, ದೀಪ ಇಳಿಬಿಟ್ಟು ನೋಡಿ ಆಮೇಲೆ ಇಳಿಯುತ್ತಿದ್ದರು.

ಗುಳಿ ತೋಡು ಅಂತ ನಾನು ಹೇಳುವುದಿಲ್ಲ. ಡ್ರಮ್ಮಿನಲ್ಲಿ ಇಡು. ಸುಗ್ಗಿಯಲ್ಲಿ ರಾಗಿ ಅಗ್ಗವಾಗಿ ಸಿಕ್ಕಾಗ ಸಂಘದಿಂದ ಎರಡು ಮೂರು ಕ್ವಿಂಟಾಲ್ ಕೊಂಡು ಇಡು. ಸರ್ಕಾರದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಕೂಲಿ ಇಲ್ಲದ ತಿಂಗಳಲ್ಲಿ ಅಳೆದು ಸಾಲ ಕೊಡು, ಕುಯ್ಲಿಗೆ ಅಳತೆಯಲ್ಲೇ ವಾಪಸ್ ತಗೋ. ಬಡ್ಡಿ ಬೇಡ. ದುಡ್ಡಿನ ಸಾಲ ಕೊಟ್ಟರೆ ಆ ದುಡ್ಡು ವಾರದ ಕಂತಿನವರಿಗೆ ಹೋಗುತ್ತದೆ. ರಾಗಿ ಆದರೆ ಮಕ್ಕಳ ಹೊಟ್ಟೆಗೆ ಹೋಗುತ್ತದೆ.

ಮಾನಸಗಂಗೋತ್ರಿ ವಿದ್ಯಾರ್ಥಿ

ಅಕ್ಕಾ, ನಿಮ್ಮ ಮೊದಲ ಪೋಸ್ಟ್‌ನಲ್ಲಿ ಒಂದು ವಾಕ್ಯ ಇದೆಯಲ್ಲ, ಬೇಡ ಅನ್ನುವ ಸ್ಥಿತಿ ಯಾರಿಗೂ ಇರಲಿಲ್ಲ ಅಂತ. ಅದನ್ನೇ ಹಿಡಿದು ಗುಜರಾತಿನ ಸೇವಾ ಸಂಘದವರು ಒಂದು ಕೆಲಸ ಮಾಡಿದ್ದಾರೆ. ಅಸಂಘಟಿತ ವಲಯದಲ್ಲಿ ದುಡಿಯುವ ಮಹಿಳೆಯರ ಸಂಘ ಅದು, 1972ರಲ್ಲಿ ಶುರುವಾದದ್ದು. 2024ರ ಬೇಸಿಗೆಯಲ್ಲಿ ಗುಜರಾತ್, ರಾಜಸ್ಥಾನ, ಮಹಾರಾಷ್ಟ್ರದ ಸುಮಾರು 50 ಸಾವಿರ ಸದಸ್ಯೆಯರಿಗೆ ಬಿಸಿಲಿನ ವಿಮೆ ಮಾಡಿಸಿದರು. ಬಿಸಿಲು ಗಡಿ ದಾಟಿದಾಗ ಅರ್ಜಿ ಇಲ್ಲ, ಪಹಣಿ ಇಲ್ಲ, ತಲಾ 400 ರೂಪಾಯಿ ಖಾತೆಗೆ ಹೋಯಿತು. ಒಂದು ದಿನ ಮನೆಯಲ್ಲಿ ಉಳಿಯಲು ಅಷ್ಟು ಬೇಕು.

ನೀವು 18 ಜನ ಸಣ್ಣದಾಗಿ ಇದನ್ನೇ ಮಾಡಬಹುದು. ಒಂದು ಮಾತು ಗಮನದಲ್ಲಿರಲಿ. ಅಲ್ಲಿಯ ಹಾಗೆ 40 ಡಿಗ್ರಿ ಗಡಿ ನಮಗೆ ಹೊಂದುವುದಿಲ್ಲ. ನಾಲೆ ಬಯಲಿನಲ್ಲಿ, ಕಬ್ಬಿನ ಒಳಗೆ ಗಾಳಿ ಆಡುವುದಿಲ್ಲ, ತೇವ ಜಾಸ್ತಿ. ಬೆವರು ಆರದಿದ್ದರೆ 36 ಡಿಗ್ರಿಯೂ ಅಪಾಯವೇ. ಥರ್ಮಾಮೀಟರ್ ಜೊತೆಗೆ ತೇವ ತೋರಿಸುವ ಮೀಟರ್ ಕೂಡ ತಗೊಳ್ಳಿ, ಎರಡೂ ಒಂದರಲ್ಲೇ ಬರುತ್ತದೆ.

ಕೊನೇಭಾಗದವಳು

ಎಲ್ಲರಿಗೂ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ಸಂಘದ ಸಭೆ ಆಯಿತು. ನಿಮ್ಮೆಲ್ಲರ ಉತ್ತರ ಗಟ್ಟಿಯಾಗಿ ಓದಿ ಹೇಳಿದೆ. ಓದು ಬಾರದವರೇ ಜಾಸ್ತಿ ಕೇಳಿದ್ದು, ಎರಡೆರಡು ಸಲ ಓದಿಸಿದರು.

ಮೊದಲು ಮನೆ ಸೂರು. ಬಾಣಂತಿ ಇರುವ ಎರಡು ಮನೆ, ಒಂಟಿ ಮುದುಕಿಯರ ಮೂರು ಮನೆ, ಮಂಚ ಹಿಡಿದವರು ಇರುವ ಒಂದು ಮನೆ, ಒಟ್ಟು ಆರು. ನಮ್ಮ ಮನೆಯೂ ಶೀಟಿನದೇ, ಆದರೆ ನಾನು ಪುಸ್ತಕ ಬರೆಯುವವಳು, ಮೊದಲ ಪಟ್ಟಿಯಲ್ಲಿ ಇರಬಾರದು ಅಂತ ಬಿಟ್ಟೆ. ಕೇಸರೆಯ ತಮ್ಮ, ನೀವು ಬರುವ ಭಾನುವಾರ ಹೇಳಿ, ಊಟ ನಮ್ಮ ಮನೆಯಲ್ಲೇ. ಆಮೇಲೆ ಎರಡು ಡ್ರಮ್, ಗಾಢ ಹಸಿರು ನೆರಳು ಪರದೆ, ಬಿದಿರು ಗಳ, ಮರೆಗೆ ಸೀರೆ. ಸೀರೆ ಎಲ್ಲರೂ ಒಂದೊಂದು ಕೊಡುತ್ತಾರೆ. ಬಿಸಿಲು ನಿಧಿ ಅಂತ ಹತ್ತು ಸಾವಿರ ಬೇರೆ ಇಟ್ಟೆವು. ಮಾರ್ಚ್‌ನಿಂದ ವಾರಕ್ಕೆ ಹತ್ತು ರೂಪಾಯಿ ಎಲ್ಲರೂ ಹಾಕುತ್ತೇವೆ. ಯಾವ ದಿನ ಕೊಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ಗರ್ಭಿಣಿಯರಿಗೆ ಮೊದಲು ಅಂತ ಒಬ್ಬರು, ಎಲ್ಲರಿಗೂ ಸಮ ಅಂತ ಇನ್ನೊಬ್ಬರು. ಸ್ವಲ್ಪ ಜೋರು ಮಾತೇ ಆಯಿತು. ರಾಗಿ ಈಗಲೇ ಎರಡು ಕ್ವಿಂಟಾಲ್ ತರುತ್ತೇವೆ. ಅಪ್ಪಾಜಿ, ನಿಮ್ಮ ಹಗೇವಿನ ದೀಪದ ಮಾತು ಕೇಳಿ ನಮ್ಮ ಅಜ್ಜಿಯೊಬ್ಬರು ಅತ್ತುಬಿಟ್ಟರು. ಅವರ ಅಣ್ಣ ಹಾಗೇ ಇಳಿದು ಸತ್ತಿದ್ದರಂತೆ.

ಪಾಂಡವಪುರದ ಅಣ್ಣ, ಸಸಿ ಮಾಡುವುದಕ್ಕೆ ಜಾಗವೇ ಇಲ್ಲ ನಮಗೆ. ಐದು ಗುಂಟೆ ಅಂದರೂ ಅದು ಇನ್ನೊಬ್ಬರದ್ದೇ. ಶಾಲೆ ಹಿಂದಿನ ಖಾಲಿ ಜಾಗವನ್ನು ಪಂಚಾಯಿತಿಯಲ್ಲಿ ಕೇಳಿದ್ದೇವೆ, ಗ್ರಾಮಸಭೆಗೆ ತನ್ನಿ ಅಂದಿದ್ದಾರೆ. ಅಲ್ಲಿಗೆ ಹೋಗುವ ಮುಂಚೆ ವಿ.ಸಿ. ಫಾರ್ಮ್ ನೋಡಿಕೊಂಡು ಬರಬೇಕು. ಅವ್ವನೂ ಬರುತ್ತೇನೆ ಅಂದಿದ್ದಾರೆ. ಎರಡು ವರ್ಷದಿಂದ ಅವರು ಬಸ್ ಹತ್ತಿಲ್ಲ. ಬೆಳಗ್ಗೆ ಆರೂವರೆ ಬಸ್ಸಿಗೆ ಬಂದು ಹನ್ನೊಂದಕ್ಕೆ ಮುಂಚೆ ವಾಪಸ್ ಹೊರಡುವ ಹಾಗೆ ಯಾವ ದಿನ ಬಂದರೆ ಸರಿ, ಅಲ್ಲಿ ಯಾರನ್ನು ಕೇಳಬೇಕು, ದಯವಿಟ್ಟು ತಿಳಿಸಿ ಅಣ್ಣಾ.